ಗಾಣದ ಬಾಯಿಯ ಹಲಗೆ

ಒಂದು ಕಂಪನಿಯೊಳಗೆ ಕೂತು, ಇಲ್ಲಿ ಏನು ಸರಿಯಿದೆ, ಏನು ಸರಿಯಿಲ್ಲ ಎಂದು ಹೇಳಿ ಸಂಬಳ ತೆಗೆದುಕೊಳ್ಳುವ ಕೆಲಸಕ್ಕೆ ಈಗ ದೊಡ್ಡ ದೊಡ್ಡ ಹೆಸರುಗಳಿವೆ. ನಾನು ಆ ಕೆಲಸಕ್ಕೆ ಬಿದ್ದ ಕಾಲದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಶಿಕಾರಿಪುರದ ಕಡೆಯ ರೈತರು ನನ್ನನ್ನು ‘ಗಡಿಯಾರದ ಸದಾಶಿವ’ ಎನ್ನುತ್ತಿದ್ದರು. ಸೊರಬದವರು ಏನೆನ್ನುತ್ತಿದ್ದರೋ, ನನ್ನೆದುರು ಹೇಳಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಬಂದು ನನ್ನನ್ನು ಮಾತಾಡಿಸಿದಾಗ ಬಡ್ತಿಯ ಕಥೆ ಕೇಳುತ್ತಾರೆ. ಅದನ್ನು ಹೇಳುವಂಥದ್ದೇನಿಲ್ಲ. ವಯಸ್ಸಾಗುತ್ತ ಹೋದಂತೆ ಬಡ್ತಿಯೂ ಬಂತು, ಅಷ್ಟೆ. ಹೇಳಬೇಕಾದದ್ದು ಬೇರೆ ಇದೆ.

ಐವತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಕಂಪನಿ ಕಬ್ಬು ಆಡಿಸುವ ಕಬ್ಬಿಣದ ಗಾಣಗಳನ್ನೂ ಬೆಲ್ಲ ಕಾಯಿಸುವ ಕೊಪ್ಪರಿಗೆಗಳನ್ನೂ ಮಾಡಿ ಹಂಗಾಮಿಗೆ ಇಷ್ಟು ಎಂದು ರೈತರಿಗೆ ಬಾಡಿಗೆಗೆ ಕೊಡುತ್ತಿತ್ತು. ಡಿಪೋ ಶಿಕಾರಿಪುರದಲ್ಲಿ. ಸೊರಬ ತಾಲ್ಲೂಕಿನ ಹಳ್ಳಿಗಳಿಗೂ ಅಲ್ಲಿಂದಲೇ ಗಾಡಿಯ ಮೇಲೆ ಗಾಣ ಹೋಗಬೇಕು. ಎತ್ತು ಸುತ್ತುವ ಗಾಣ ಅದು. ನೆಟ್ಟಗೆ ನಿಂತ ಮೂರು ಉರುಳೆಗಳು, ಅವುಗಳ ತಲೆಯ ಮೇಲೆ ಉದ್ದನೆಯ ಮರ, ಮರದ ತುದಿಗೆ ಎತ್ತಿನ ಜೋಡಿ. ಎತ್ತು ಸುತ್ತು ಹಾಕಿದಂತೆ ಉರುಳೆಗಳು ತಿರುಗಿ ಕಬ್ಬನ್ನು ಒಳಗೆಳೆದುಕೊಳ್ಳುತ್ತಿದ್ದವು. ಈಚೆ ಹಾಲು, ಆಚೆ ಸಿಪ್ಪೆ. ಆ ಹೊತ್ತಿಗೆ ದಾವಣಗೆರೆ ಕಡೆಯಿಂದ ಎಣ್ಣೆ ಇಂಜಿನ್ನಿನ ಗಾಣಗಳು ಬರತೊಡಗಿದ್ದವು. ನಮ್ಮ ಮ್ಯಾನೇಜರ್ ರಂಗನಾಥಯ್ಯನವರಿಗೆ ನಿದ್ದೆ ಕೆಟ್ಟಿತ್ತು.

ಅವರು ಓದಿದವರು. ಮುಂಬಯಿಯಲ್ಲಿ ಏನೋ ತರಬೇತಿ ಮುಗಿಸಿಕೊಂಡು ಬಂದಿದ್ದರು. ಒಂದು ದಿನ ನನ್ನನ್ನು ಕರೆದು, ಗುಂಡಿ ಒತ್ತಿದರೆ ಓಡುವ, ಮತ್ತೆ ಒತ್ತಿದರೆ ನಿಲ್ಲುವ ಗಡಿಯಾರವೊಂದನ್ನು ಕೈಗಿಟ್ಟರು.

“ನೋಡಿ ಸದಾಶಿವ, ರೈತ ನಮಗೆ ಬಾಡಿಗೆ ಕೊಡೋದು ಕಬ್ಬಿಣಕ್ಕಲ್ಲ. ನಮ್ಮ ಗಾಣದಿಂದ ಅವನಿಗೇನೋ ಪ್ರಯೋಜನ ಆಗ್ತಿದೆ, ಅದಕ್ಕೆ. ಆ ಪ್ರಯೋಜನ ಎಲ್ಲಿ ಹುಟ್ಟುತ್ತೆ, ಎಲ್ಲಿ ಸೋರಿಹೋಗುತ್ತೆ ನೋಡಿಕೊಂಡು ಬನ್ನಿ. ಸೋರೋದನ್ನ ನಿಲ್ಲಿಸೋಣ.”

ಈ ಮಾತು ಸರಿ ಎಂದೇ ಇವತ್ತಿಗೂ ನನ್ನ ಅಭಿಪ್ರಾಯ. ಇದಕ್ಕಿಂತ ಚೆನ್ನಾಗಿ ಈ ವೃತ್ತಿಯನ್ನು ವಿವರಿಸಿದವರನ್ನು ಆಮೇಲೂ ನಾನು ಕಾಣಲಿಲ್ಲ. ಮಾತು ಸರಿಯಿದ್ದರೆ ಕೆಲಸವೂ ಸರಿಯಿರುತ್ತದೆ ಎಂದು ಆಗ ನಂಬಿದ್ದೆ.

ಮೊದಲು ಹೋದದ್ದು ಈಸೂರಿಗೆ. ಆಲೆಮನೆಯ ಪಕ್ಕ ಗಡಿಯಾರ ಹಿಡಿದು ನಿಂತು ಎತ್ತಿನ ಸುತ್ತು ಎಣಿಸಿ ಬರೆದುಕೊಳ್ಳುತ್ತಿದ್ದೆ. ನಲವತ್ತೆರಡರ ಚಳವಳಿಯಲ್ಲಿ ಪೊಲೀಸರ ಕಾಟ ಕಂಡ ಊರು ಅದು, ಹೊರಗಿನವನು ಪುಸ್ತಕ ತೆಗೆದರೆ ಸುಮ್ಮನೆ ಬಿಡುವುದಿಲ್ಲ. ಆ ಮನೆಯ ಅಜ್ಜ ಎದ್ದು ಬಂದ.

“ಏನ್ ಬರಕೊಳ್ಳಾಕ ಹತ್ತೀರಿ?”

“ಎತ್ತು ಎಷ್ಟು ಸುತ್ತು ಹಾಕುತ್ತೆ ಅಂತ, ಅಜ್ಜಾರೇ.”

“ಎತ್ತಿನ ಹೆಸರು ಬೇಕಾದ್ರ ಬರಕೊಳ್ರಿ. ನಮ್ಮ ಹೆಸರು ಬ್ಯಾಡ ನೋಡ್ರಿ.”

ಎರಡು ದಿನ ನೋಡಿದೆ. ಎತ್ತುಗಳನ್ನು ಬಿಚ್ಚಿ ನೀರು ಕುಡಿಸಿ ಮತ್ತೆ ಕಟ್ಟುವುದರಲ್ಲಿ ಬಹಳ ಹೊತ್ತು ಗಾಣ ಸುಮ್ಮನೆ ನಿಲ್ಲುತ್ತಿತ್ತು. ಇದೇ ಸೋರಿಕೆ ಎಂದು ತೀರ್ಮಾನಿಸಿದೆ. ಇನ್ನೊಂದು ಜೋಡಿ ಎತ್ತು ತರಿಸಿ ಗಾಣ ನಿಲ್ಲದ ಹಾಗೆ ಓಡಿಸಿ ಎಂದೆ. ಅಜ್ಜ ಪಕ್ಕದ ಮನೆಯಿಂದ ಎತ್ತು ಇಸಕೊಂಡು ಬಂದ. ಗಾಣ ನಿಲ್ಲಲೇ ಇಲ್ಲ. ಕಬ್ಬಿನ ಹಾಲು ಕೊಡಗಳಲ್ಲಿ, ಹಂಡೆಯಲ್ಲಿ, ಕೊನೆಗೆ ಎಮ್ಮೆಗೆ ನೀರಿಡುವ ಬಾನಿಯಲ್ಲೂ ತುಂಬಿ ನಿಂತಿತು. ಕೊಪ್ಪರಿಗೆ ಇರುವುದು ಒಂದು. ಅದು ಕಾಯುವಷ್ಟೇ ಕಾಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ನಿಂತ ಹಾಲು ಹುಳಿಯಾಯಿತು. ಆ ಹಾಲಿನ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಲಿಲ್ಲ, ಅಂಟಿನ ಹಾಗೆ ಎಳೆಯಿತು.

“ಗಾಣ ಓಡಿಸಿದ್ರಿ ಸಾಹೇಬ್ರ, ಒಲಿ ಓಡಿಸಾಕ ಆಗ್ಲಿಲ್ಲ ನೋಡ್ರಿ,” ಎಂದ ಅಜ್ಜ. ಬೈಯಲಿಲ್ಲ. ಆ ಬೆಲ್ಲವನ್ನು ಎತ್ತುಗಳ ಬಾನಿಗೆ ಹಾಕಿಸಿದ.

ನಾಚಿಕೆಯಾಯಿತು. ಆದರೆ ಪಾಠ ಸಿಕ್ಕಿತು. ಗಾಣವೊಂದನ್ನೇ ನೋಡಿದರೆ ಸಾಲದು, ಗಾಣದಿಂದ ಕೊಪ್ಪರಿಗೆಗೆ, ಕೊಪ್ಪರಿಗೆಯಿಂದ ಅಚ್ಚಿಗೆ, ಎಲ್ಲಿ ಬಿಗಿಯುತ್ತದೋ ಅಲ್ಲಿ ಕೈ ಹಾಕಬೇಕು. ಹಿಂದಿರುಗಿ ರಂಗನಾಥಯ್ಯನವರಿಗೆ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಅವರು ನಕ್ಕರು, ಮರುವರ್ಷಕ್ಕೆ ಅಗಲವಾದ ಕೊಪ್ಪರಿಗೆ ಮಾಡಿಸಿದರು. ಗಾಣದ ಜೊತೆಗೆ ಅದನ್ನೂ ಕೊಟ್ಟೆವು. ಶಿಕಾರಿಪುರದ ಕಡೆ ಬೇಡಿಕೆ ಏರಿತು. ತೊಗರ್ಸಿಯ ಸುತ್ತಮುತ್ತ ಇಂಜಿನ್ನಿನ ಗಾಣಕ್ಕೆ ಮುಂಗಡ ಕೊಟ್ಟವರು ಅದನ್ನು ವಾಪಸು ಕೇಳಿ ನಮ್ಮಲ್ಲಿಗೆ ಬಂದರು. ನನ್ನ ತಪ್ಪು ಹೀಗೆ ನನಗೇ ಹೆಸರು ತಂದಿತು. ತಪ್ಪಿನಿಂದ ಹೆಸರು ಬಂದವನಿಗೆ ತನ್ನ ಮೇಲೆ ಅತಿಯಾದ ನಂಬಿಕೆ ಹುಟ್ಟುತ್ತದೆ. ನಿಮಗೆ ಹಾಗೇನಾದರೂ ಆದರೆ ಹುಷಾರಾಗಿರಿ.

ಕೊಪ್ಪರಿಗೆ ಅಗಲವಾಯಿತಲ್ಲ, ಈಗ ಬಿಗಿ ಇದ್ದದ್ದು ಗಾಣದ ಬಾಯಲ್ಲಿ. ಹಾಗೆಂದುಕೊಂಡೇ ಸೊರಬ ತಾಲ್ಲೂಕಿಗೆ ಹೋದೆ.

ಉಳವಿಯಲ್ಲಿ ಹುಚ್ಚರಾಯಪ್ಪ ಎಂಬ ರೈತರು ವರ್ಷವರ್ಷವೂ ನಮ್ಮ ಗಾಣ ತರಿಸುತ್ತಿದ್ದರು. ಮನೆಯವರೇ ಸೇರಿ ಆಡಿಸುವುದು. ಗಾಣದ ಮುಂದೆ ಕೂತು ಕಬ್ಬು ಕೊಡುತ್ತಿದ್ದವಳು ಅವರ ಹೆಂಡತಿ ಗುತ್ತೆಮ್ಮ. ಮೂವತ್ತರ ಹೆಂಗಸು, ಮಾತಿಗೆ ಮೊದಲೇ ನಗುವ ಸ್ವಭಾವ. ಆ ಗಾಣದ ಬಾಯಿಗೆ ನಾನು ಶಿಕಾರಿಪುರದಲ್ಲಿ ಕಾಣದಿದ್ದ ಒಂದು ವಸ್ತುವಿತ್ತು. ದಪ್ಪನೆಯ ಮತ್ತಿ ಮರದ ಹಲಗೆ, ನಡುವೆ ಎರಡು ತೂತು. ತೂತಿನ ಮೂಲಕ ಒಂದು ಸಲಕ್ಕೆ ಎರಡೇ ಕಬ್ಬು ಹೋಗಬೇಕು. ಹಲಗೆಯಿಂದ ಉರುಳೆಗೆ ಒಂದು ಮೊಳ ದೂರ.

ಅದನ್ನು ಮಾಡಿದ್ದು ನಮ್ಮ ಕಂಪನಿಯ ಫಿಟ್ಟರ್ ಮಂಜಾಚಾರಿ. ಸೊರಬ ತಾಲ್ಲೂಕಿಗೆ ಹೋಗುವ ಗಾಣಗಳು ಆತನ ಪಾಲಿಗಿದ್ದವು, ಅವಕ್ಕೆಲ್ಲ ಆತ ಯಾರನ್ನೂ ಕೇಳದೆ ಅಂಥ ಹಲಗೆ ಕೂರಿಸುತ್ತಿದ್ದ. ನಾನು ಗಡಿಯಾರ ಹಿಡಿದು ನೋಡಿದೆ. ಹಲಗೆಯಿಲ್ಲದಿದ್ದರೆ ನಾಲ್ಕು ಕಬ್ಬು ಹೋಗಬಹುದಾದ ಕಡೆ ಎರಡು ಹೋಗುತ್ತಿದ್ದವು. ಅರ್ಧಕ್ಕರ್ಧ ಸೋರಿಕೆ!

“ಇದು ಇದ್ದರೆ ನಿಧಾನ ಅಲ್ಲವೇ?” ಎಂದು ಹುಚ್ಚರಾಯಪ್ಪನವರನ್ನು ಕೇಳಿದೆ.

“ನಿಧಾನ ಹೌದ್ರಿ. ಆದ್ರೆ ಇದು ಐತಿ ಅಂತ್ಲೇ ನಾವು ನಿಮ್ ಗಾಣ ತರ್ಸಾದು. ಇಂಜಿನ್ ಗಾಣದ ಮುಂದೆ ಮನೆ ಹೆಂಗಸ್ರನ್ನ ಕೂರ್ಸಾಕಾಗ್ತದಾ? ಅದಕ್ಕೆ ಆಳು ಬೇಕು. ಇದ್ರಾಗೆ ಇವ್ಳು ಮಾತಾಡ್ತಾ ಮಾತಾಡ್ತಾ ಕಬ್ಬು ಕೊಡ್ತಾಳೆ.”

ಈ ಮಾತನ್ನು ನಾನು ನನ್ನ ಕಿಸೆಯ ಪುಸ್ತಕದಲ್ಲಿ ಬರೆದುಕೊಂಡೆ. ಪ್ರಯೋಜನ ಎಲ್ಲಿ ಹುಟ್ಟುತ್ತದೆ ಎಂದು ರಂಗನಾಥಯ್ಯನವರು ಕೇಳಿದ್ದರಲ್ಲ, ಅದಕ್ಕೆ ಉತ್ತರ ಆ ರೈತನ ಬಾಯಿಂದಲೇ ಬಂದಿತ್ತು. ಗಂಟೆಗೆ ಎಷ್ಟು ಕಬ್ಬು, ಎಷ್ಟು ಕೊಡ ಹಾಲು, ಎಷ್ಟು ಅಚ್ಚು ಬೆಲ್ಲ ಎಂದು ನಾನು ವರದಿ ಬರೆದೆ. ಹೆಂಗಸು ಮಾತಾಡುತ್ತ ಕಬ್ಬು ಕೊಡುವುದನ್ನು ವರದಿಯ ಯಾವ ಅಂಕಣದಲ್ಲಿ ತುಂಬಬೇಕೆಂದು ತಿಳಿಯಲಿಲ್ಲ. ಬಿಟ್ಟೆ. ನಿಜ ಹೇಳಬೇಕೆಂದರೆ, ಅದನ್ನು ಬರೆದರೆ ನನ್ನ ವರದಿಯ ಬಿಗಿ ಕಡಿಮೆಯಾಗುತ್ತದೆ ಎಂದೂ ಅನ್ನಿಸಿತ್ತು.

ರಂಗನಾಥಯ್ಯನವರು ವರದಿಯನ್ನು ಎರಡು ಸಲ ಓದಿದರು. “ಹಲಗೆಗಳೆಲ್ಲ ಹೋಗಬೇಕು. ಬರೋ ಹಂಗಾಮಿಗೆ ಮೊದಲೇ,” ಎಂದರು.

ಡಿಪೋದ ಅಂಗಳದಲ್ಲಿ ಗಾಣಗಳು ಸಾಲಾಗಿ ನಿಂತಿದ್ದವು. ಮಂಜಾಚಾರಿಗೆ ಆಜ್ಞೆ ತೋರಿಸಿದೆ. ಆತ ಓದಲಿಲ್ಲ.

“ಇದನ್ನ ಬಿಚ್ಚಾದು ನನ್ ಕೈಲಿ ಆಗಾದಿಲ್ಲ ಸ್ವಾಮಿ. ಹಿಂದೊಂದ್ಸಲ ಉರುಳೆ ಬಿಚ್ಚಿ ಒಬ್ಬನ ಕೈ ತೆಗ್ದೀನಿ. ಅವತ್ತೇ ಮನೆಗೆ ಹೋಗಿ ಈ ಹಲಗೆ ಕೊರೆದೆ. ನಿಮ್ಗೆ ಬೇಡಾ ಅಂದ್ರೆ ನೀವೇ ಬಿಚ್ಚಿ. ಪಾನಾ ಅಲ್ಲೈತಿ.”

ಎಲ್ಲರೂ ನೋಡುತ್ತಿದ್ದರು. ನನಗೆ ಸಿಟ್ಟು ಬಂತು. ಪಾನಾ ಎತ್ತಿಕೊಂಡು ಒಂದೊಂದೇ ಬೋಲ್ಟು ಸಡಿಲಿಸಿ ಹಲಗೆಗಳನ್ನು ನಾನೇ ಬಿಚ್ಚಿದೆ. ಅಂಗಳದ ಮೂಲೆಯಲ್ಲಿ ರಾಶಿಯಾದ ಅವನ್ನು ಡಿಪೋದ ಕಾವಲುಗಾರ ಸ್ನಾನದ ಒಲೆಗೆ ಒಯ್ದ. ಆಜ್ಞೆ ಮೀರಿದನೆಂದು ಮಂಜಾಚಾರಿಯನ್ನು ಆ ವಾರವೇ ಕೆಲಸದಿಂದ ತೆಗೆದರು. ತೆಗೆಯಬೇಡಿ ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹೊಸ ಪದ್ಧತಿಯ ಲೆಕ್ಕ ಹಿಡಿಯಲು ಉಳವಿಗೆ ಹೋದೆ. ಹುಚ್ಚರಾಯಪ್ಪನವರದೇ ಆಲೆಮನೆ. ಹಲಗೆ ಎಲ್ಲಿ ಎಂದು ಅವರು ಕೇಳಿದರು. ಕಂಪನಿ ತೆಗೆಸಿದೆ, ಇನ್ನು ನಿಮ್ಮ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ ಎಂದೆ. ಅವರು ಹೆಂಡತಿಯ ಮುಖ ನೋಡಿದರು. ಗುತ್ತೆಮ್ಮ, “ಇವರು ಇಷ್ಟು ದೂರದಿಂದ ಬಂದಾರೆ, ಆಗ್ಲಿ ಬಿಡಿ. ನಾ ನೋಡ್ಕಂಡು ಕೊಡ್ತೀನಿ,” ಎಂದು ಸೆರಗು ಸಿಕ್ಕಿಸಿಕೊಂಡು ಗಾಣದ ಮುಂದೆ ಕೂತಳು. ಹುಚ್ಚರಾಯಪ್ಪ ಕೊಪ್ಪರಿಗೆಯ ಕಡೆ ಹೋದರು. ಆಳೊಬ್ಬ ಎತ್ತು ಹೊಡೆಯುತ್ತಿದ್ದ.

ಮೊದಲು ಅವಳು ಎರಡೆರಡೇ ಕೊಟ್ಟಳು. ಹೀಗಾದರೆ ನನ್ನ ಲೆಕ್ಕ ಮೇಲೇರುವುದಿಲ್ಲ.

“ನಾಲ್ಕು ನಾಲ್ಕು ಕೊಡಿ, ತಂಗಿ. ಇನ್ನೊಂದು ಚೂರು ಬೇಗ.”

“ಹೂಂ ಅಣ್ಣಾರೇ,” ಎಂದಳು. ನಾಲ್ಕು ನಾಲ್ಕು ಕೊಟ್ಟಳು. ಮಾತು ನಿಲ್ಲಿಸಿದ್ದಳು. ಕಣ್ಣು ಉರುಳೆಯ ಮೇಲೇ ಇತ್ತು.

ಸೊಟ್ಟಗಿನ ಕಬ್ಬೊಂದು ಬಾಯಲ್ಲಿ ಅಡ್ಡ ನಿಂತಿತು. ಅದನ್ನು ಅಂಗೈಯಿಂದ ಒತ್ತಿದಳು. ಚಟಚಟ ಎಂದಿತು. ಕಬ್ಬಿನ ಗೆಣ್ಣು ಒಡೆದ ಸದ್ದು ಎಂದುಕೊಂಡು ನಾನು ಗಡಿಯಾರ ನೋಡುತ್ತಲೇ ಇದ್ದೆ. ಒಡೆದದ್ದು ಬಳೆ.

ಅವಳು ಕೂಗಿದಾಗ ಆಳು ಎತ್ತನ್ನು ಹಿಡಿದ. ಹಿಡಿಯುವುದರೊಳಗೆ ಅವು ಎರಡು ಹೆಜ್ಜೆ ಹಾಕಿದ್ದವು. ಗಾಣ ಸುತ್ತುವ ಎತ್ತಿಗೆ ಹಿಂದೆ ಹೆಜ್ಜೆ ಇಡಲು ಬರುವುದಿಲ್ಲ. ಅವನ್ನು ಬಿಚ್ಚಿ, ಓಡಿಬಂದ ಹುಚ್ಚರಾಯಪ್ಪನವರೂ ಸೇರಿ ನಾವು ಮೂರು ಜನ ಆ ಮರಕ್ಕೆ ಎದೆ ಕೊಟ್ಟು ಉರುಳೆಗಳನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ನನಗೆ ಗೊತ್ತಿಲ್ಲ. ಬಲಗೈಯ ನಾಲ್ಕು ಬೆರಳುಗಳೂ ಅರ್ಧ ಅಂಗೈಯೂ ಹೋಗಿದ್ದವು. ಹುಚ್ಚರಾಯಪ್ಪ ಹೆಗಲ ವಸ್ತ್ರವನ್ನು ಸುತ್ತಿದರು. ಸೊರಬಕ್ಕೆ ಹೋಗುವ ಬಸ್ಸನ್ನು ಅಡ್ಡಗಟ್ಟಿ ನಿಲ್ಲಿಸಿ ಹತ್ತಿದೆವು. ಬಸ್ಸಿನಲ್ಲಿ ಗುತ್ತೆಮ್ಮ ಆಡಿದ್ದು ಒಂದೇ ಮಾತು: “ಕೊಪ್ಪರಿಗೇಲಿ ಹಾಲೈತಿ. ಯಾರಾದ್ರೂ ಒಲೆ ನೋಡ್ಕಳ್ಳಿ.”

ಜೀವಕ್ಕೆ ಅಪಾಯವಾಗಲಿಲ್ಲ. ಡಾಕ್ಟರು ಉಳಿಸಬಹುದಾದಷ್ಟನ್ನು ಉಳಿಸಿದರು.

ಡಿಪೋಗೆ ಬಂದು ಅಪಘಾತದ ವರದಿ ಬರೆದೆ. ಕಾರಣ ಎಂಬಲ್ಲಿ, ‘ಗಾಣದ ಬಾಯಿಗೆ ತಡೆ ಇರಲಿಲ್ಲ’ ಎಂದು ಬರೆದೆ. ರಂಗನಾಥಯ್ಯನವರು ಅದರ ಮೇಲೆ ಬೆರಳಿಟ್ಟರು. ದನಿ ಏರಿಸಲಿಲ್ಲ.

“ತಡೆ ತೆಗೀಬೇಕು ಅಂತ ವರದಿ ಕೊಟ್ಟವರು ಯಾರು?”

“ನಾನು, ಸರ್.”

“ತೆಗೆದವರು?”

“ನಾನೇ.”

“ಆಕೆಗೆ ಬೇಗ ಕೊಡಿ ಅಂದವರು?”

ಅವರ ಬೆರಳು ಹಾಳೆಯಿಂದ ಏಳಲಿಲ್ಲ.

“ಹೀಗೆ ಬರೆದರೆ ಇದು ಕಂಪನಿಯ ಕುತ್ತಿಗೆಗಿಂತ ಮೊದಲು ನಿಮ್ಮ ಕುತ್ತಿಗೆಗೆ ಬರುತ್ತೆ. ಮದುವೆಯಾಗಿ ಎಷ್ಟು ದಿನ ಆಯ್ತು ನಿಮಗೆ? ಯೋಚನೆ ಮಾಡಿ.”

ಮದುವೆಯಾಗಿ ಎಂಟು ತಿಂಗಳಾಗಿತ್ತು. ನಾನು ಬಹಳ ಹೊತ್ತು ಯೋಚನೆಯನ್ನೂ ಮಾಡಲಿಲ್ಲ. ‘ಕಬ್ಬು ಕೊಡುವವಳ ಆತುರ ಮತ್ತು ಅಜಾಗರೂಕತೆ’ ಎಂದು ಟೈಪು ಮಾಡಿಸಿದ ಹಾಳೆಗೆ ಸಹಿ ಹಾಕಿದೆ. ಅದರ ಒಂದು ಪ್ರತಿ ಹುಚ್ಚರಾಯಪ್ಪನವರಿಗೆ ಅಂಚೆಯಲ್ಲಿ ಹೋಯಿತು.

ಆ ಕಾಗದ ಮುಟ್ಟುವ ಮೊದಲೇ ಅವರು ಡಿಪೋಗೆ ಬಂದಿದ್ದರು. ಪರಿಹಾರ ಕೇಳಲು ಬಂದಿರಬೇಕೆಂದು ರಂಗನಾಥಯ್ಯನವರು ಬಾಗಿಲಲ್ಲೇ ಬಿಗಿಯಾದರು. ಹುಚ್ಚರಾಯಪ್ಪ ಕೇಳಿದ್ದು ಬೇರೆ.

“ನಮ್ದು ಆಗಿದ್ದು ಆಗೋಯ್ತು ಸ್ವಾಮಿ. ಉಳಿದ ಗಾಣಕ್ಕಾದ್ರೂ ಆ ಹಲಗೆ ಹಾಕಿಸ್ರಿ. ನಮ್ಮೂರಾಗೆ ಇನ್ನೂ ಎರಡು ಮನೇಲಿ ಕಬ್ಬು ಆಡಸ್ತಾ ಅದಾರೆ.”

“ನೋಡೋಣ,” ಎಂದು ರಂಗನಾಥಯ್ಯನವರು ಕಳಿಸಿದರು. ಹುಚ್ಚರಾಯಪ್ಪ ಹೋದ ಮೇಲೆ ನಾನೂ ಅದನ್ನೇ ಕೇಳಿದೆ. ಮರ ಕೊಡಿಸಿದರೆ ಭಾನುವಾರಗಳಲ್ಲಿ ನಾನೇ ಕೂರಿಸಿ ಬರುತ್ತೇನೆ ಎಂದೂ ಹೇಳಿದೆ.

“ಈಗ ಹಾಕಿದರೆ, ತೆಗೆದದ್ದು ತಪ್ಪು ಅಂತ ನಾವೇ ಬರೆದುಕೊಟ್ಟ ಹಾಗೆ. ಈ ಹಂಗಾಮು ಮುಗಿಯಲಿ,” ಎಂದರು.

ಹಂಗಾಮು ಮುಗಿಯಿತು. ಇನ್ನೊಂದು ಕೈ ಹೋಗಲಿಲ್ಲ, ಅದು ನಮ್ಮ ಪುಣ್ಯವಲ್ಲ. ಹಳ್ಳಿಯವರು ಹಳೆಯ ಬಾಗಿಲಿನ ಹಲಗೆ, ಗಾಡಿಯ ಪಕ್ಕೆ, ಸಿಕ್ಕಿದ್ದನ್ನು ಗಾಣದ ಬಾಯಿಗೆ ಹಗ್ಗದಲ್ಲಿ ಬಿಗಿದುಕೊಂಡಿದ್ದರು. ಹಂಗಾಮಿನ ಕೊನೆಗೆ ವಾಪಸು ಬಂದ ಗಾಣಗಳ ಮೇಲೆ ಹಗ್ಗ ಉಜ್ಜಿದ ಗುರುತುಗಳಿದ್ದವು. ರಂಗನಾಥಯ್ಯನವರು ಬಣ್ಣ ಹೊಡೆಸಿದರು.

ಮರುವರ್ಷ ಸೊರಬ ತಾಲ್ಲೂಕಿನಿಂದ ನಮ್ಮ ಗಾಣ ಕೇಳಿಕೊಂಡು ಬಂದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಇಂಜಿನ್ನಿನ ಗಾಣಕ್ಕೂ ಅವರು ಹೋಗಿರಲಿಲ್ಲ. ಮಂಜಾಚಾರಿ ಸೊರಬದಲ್ಲಿ ಒಂದು ಕೊಟ್ಟಿಗೆ ಹಿಡಿದು, ಗುಜರಿಯಿಂದ ಹಳೆಯ ಗಾಣಗಳನ್ನು ತಂದು ಸರಿಮಾಡಿ, ಹಲಗೆ ಕೂರಿಸಿ ಕೊಡುತ್ತಿದ್ದ. ಗಾಣ ಹಳೆಯದು, ನಿಧಾನ, ಆಗಾಗ ಕೆಡುತ್ತಿತ್ತು. ಆದರೂ ಜನ ಅವನ ಮುಂದೆ ಪಾಳಿ ಕಾಯುತ್ತಿದ್ದರು.

ಏಕೆ ಹೀಗಾಯಿತು ಎಂದು ತಿಳಿದುಕೊಂಡು ಬರಲು ರಂಗನಾಥಯ್ಯನವರು ಕಳಿಸಿದ್ದು ಮತ್ತೆ ನನ್ನನ್ನೇ.

ಉಳವಿಗೆ ಹೋಗದೆ ಬೇರೆ ಹಳ್ಳಿಗಳನ್ನೇ ಸುತ್ತಿ ಬರಬಹುದಿತ್ತು. ಎರಡು ದಿನ ಹಾಗೆಯೇ ಸುತ್ತಿದೆ. ಮೂರನೆಯ ದಿನ ಹೋದೆ. ಹುಚ್ಚರಾಯಪ್ಪ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ನೋಡಿ “ಬನ್ನಿ” ಎಂದರು, ಅಷ್ಟೆ. ಗುತ್ತೆಮ್ಮ ಎಡಗೈಯಲ್ಲಿ ನೀರಿನ ಚೊಂಬು ತಂದಿಟ್ಟಳು. ಬಲಗೈ ಸೆರಗಿನೊಳಗಿತ್ತು. ಅವಳ ತಲೆ ಬಾಚಿ ಜಡೆ ಹಾಕಿದ್ದರು. ಯಾರೋ ಬೇರೆಯವರು ಹಾಕಿದ್ದೆಂದು ಗೊತ್ತಾಗುತ್ತಿತ್ತು, ಒಂದು ಕಡೆ ಸಡಿಲವಾಗಿತ್ತು.

ಗಾಣದ ವಿಷಯ ನಾನು ಎತ್ತುವ ಮೊದಲೇ ಅವಳು ಕೇಳಿದಳು.

“ಅಣ್ಣಾರೇ, ಒಂದ್ ಮಾತು ಕೇಳ್ತೀನಿ. ಅವತ್ತು ನೀವು ಬೇಗ ಕೊಡಿ ಅಂದಿದ್ರಿ, ಹೌದಾ ಅಲ್ವಾ?”

“ಹೌದು ತಂಗಿ. ಅಂದಿದ್ದೆ.”

“ನಾಲ್ಕು ನಾಲ್ಕು ಕೊಡಿ ಅಂದಿದ್ರಿ?”

“ಅಂದಿದ್ದೆ. ಹಲಗೆ ಬಿಚ್ಚಿದವನೂ ನಾನೇ.”

ಅವಳು ಗಂಡನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತ ಹೇಳಿದಳು.

“ಹಂಗಂತ ನಾ ಹೇಳಿದ್ರೆ ಇವ್ರು ನಂಬಾದಿಲ್ಲ. ಕಂಪನಿ ಕಾಗ್ದದಾಗೆ ಹಂಗಿಲ್ಲ, ನೀನೇ ಆತ್ರ ಬಿದ್ದೆ, ಕಣ್ಣು ಎಲ್ಲಿಟ್ಟಿದ್ಯೋ ಏನೋ ಅಂತಾರೆ. ಒಂದು ವರ್ಷದಿಂದ ಇದೇ ಆಗೈತಿ. ನೆಂಟರಿಷ್ಟರಿಗೂ ಇದ್ನೇ ಹೇಳ್ತಾರೆ. ನಂಗೆ ಓದಾಕ್ ಬರಾದಿಲ್ಲ. ಕಾಗ್ದದಾಗೆ ಏನ್ ಬರ್ದೀರಿ ಅಣ್ಣಾರೇ?”

ಹುಚ್ಚರಾಯಪ್ಪನವರ ಕೈಯಲ್ಲಿ ಹಗ್ಗ ನಿಂತಿತು. ಅವರಿಗೆ ಓದು ಬರುತ್ತಿತ್ತು. ನನ್ನ ಸಹಿಯ ಮೇಲಿನ ಪ್ರತಿ ಅಕ್ಷರವನ್ನೂ ಅವರು ಓದಿದ್ದರು. ಅವರು ಕಣ್ಣೆತ್ತಿ ನನ್ನನ್ನು ನೋಡಿದರು.

ನಿಜ ಹೇಳಿದರೆ ನಾನು ಹೆದರಿಕೊಂಡು ಸಹಿ ಹಾಕಿದವನು ಎಂದು ಹೇಳಬೇಕು. ಅದಕ್ಕೆ ನನ್ನ ನಾಲಗೆ ಏಳಲಿಲ್ಲ.

“ಕಾಗದದಲ್ಲೂ ಹಾಗೇ ಬರೆದಿದ್ದೇನೆ,” ಎಂದೆ. “ತಪ್ಪು ಕಂಪನಿಯದು ಅಂತಲೇ ಬರೆದಿದ್ದೇನೆ.”

“ಕೇಳಿದ್ರಾ?” ಎಂದಳು ಗಂಡನಿಗೆ.

ಹುಚ್ಚರಾಯಪ್ಪ ಬಹಳ ಹೊತ್ತು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಎದ್ದು ಒಳಗೆ ಹೋಗಿ ಆ ಕಾಗದ ತಂದು ನನ್ನ ಮುಂದೆ ಹಿಡಿಯುತ್ತಾರೆ ಎಂದುಕೊಂಡೆ. ಅವರು ಏಳಲಿಲ್ಲ.

“ಹೌದು ಕಣೇ,” ಎಂದರು. “ನಾನೇ ಸರಿಯಾಗಿ ಓದ್ಲಿಲ್ಲ.”

ಗುತ್ತೆಮ್ಮ ಚೊಂಬು ತೆಗೆದುಕೊಂಡು ಒಳಗೆ ಹೋದಳು. ಅಳುತ್ತಿದ್ದಾಳೋ ಏನೋ ಹೊರಗೆ ಕೇಳಿಸಲಿಲ್ಲ. ಹುಚ್ಚರಾಯಪ್ಪ ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡು, ನನ್ನ ಕಡೆ ನೋಡದೆ, “ಸೊರಬದ ಬಸ್ಸು ಇನ್ನೇನು ಬರ್ತದೆ. ಹೊರಡ್ರಿ,” ಎಂದರು.

ಅವತ್ತು ಶಿಕಾರಿಪುರಕ್ಕೆ ಬಂದು ವರದಿ ಬರೆದೆ. ಹಲಗೆ ಏಕೆ ಇತ್ತು, ಯಾರು ಮಾಡಿದರು, ನಾನು ಅದನ್ನು ಏನೆಂದು ತಿಳಿದೆ, ಯಾರ ಕೈ ಹೋಯಿತು, ತಪ್ಪು ಯಾರದು, ಸೊರಬದವರು ನಮ್ಮನ್ನು ಏಕೆ ಬಿಟ್ಟರು, ಎಲ್ಲವನ್ನೂ ಬರೆದೆ. ಮಂಜಾಚಾರಿಯನ್ನು ಮತ್ತೆ ಕರೆಯಬೇಕೆಂದೂ ಬರೆದೆ. ಇಷ್ಟು ವರ್ಷಗಳಲ್ಲಿ ನಾನು ಬರೆದ ಒಳ್ಳೆಯ ವರದಿ ಅದೊಂದೇ. ರಂಗನಾಥಯ್ಯನವರು ಅದನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ನಾಲ್ಕು ದಿನ ಬಿಟ್ಟು ಒಂದು ಪುಟದ ಬೇರೆ ವರದಿ ಟೈಪಾಗಿ ನನ್ನ ಮೇಜಿಗೆ ಬಂತು. ಸೊರಬ ತಾಲ್ಲೂಕಿನ ರೈತರು ಹೊಸ ಪದ್ಧತಿಗೆ ಇನ್ನೂ ಒಗ್ಗಿಲ್ಲ, ಕಾಲ ಹಿಡಿಯುತ್ತದೆ ಎಂದು ಅದರಲ್ಲಿತ್ತು.

ಅದಕ್ಕೂ ನಾನೇ ಸಹಿ ಹಾಕಿದೆ.